ಎದುರು ಮಾತಾಡುವ ಜೊವಿಟಾ

ಶನಿವಾರ. ಮಸ್ಕತ್ತಿನ ಅಲ್ ಹೈಲ್ ಬಡಾವಣೆಯ ಮಸೀದಿಯಲ್ಲಿ ಬೆಳಗಿನ ಬಾಂಗ್ ಮುಗಿದು ಸ್ವಲ್ಪ ಹೊತ್ತಾಗಿದೆ. ಕಡಲು ಹತ್ತಿರವೇ ಇದ್ದರೂ ಗಾಳಿಯ ಸುಳಿವಿಲ್ಲ. ರಾತ್ರಿಯಿಡೀ ಎ.ಸಿ. ಓಡಿದ ಮನೆಯ ಕಿಟಕಿ ಗಾಜು ಹೊರಗಡೆಯಿಂದ ಬೆವತು ನೀರಿಳಿಸುತ್ತಿದೆ. ಎರಡನೇ ಮಹಡಿಯ ಮಲಗುವ ಕೋಣೆಯಲ್ಲಿ ಜೊವಿಟಾ ಡಿಸೋಜ ಬಿಸಿನೀರಿನ ಬೇಸಿನ್ನು, ಎರಡು ಟವೆಲು, ಶೇವಿಂಗ್ ಬ್ರಶ್ಶು ತಂದಿಟ್ಟುಕೊಂಡು ಮಂಚದ ಪಕ್ಕ ನಿಲ್ಲುತ್ತಾರೆ.

"ಏಳಿ ಮಿಸ್ಟರ್ ಗ್ರೇಮ್. ಇವತ್ತು ನಿಮ್ಮವರ ಆಟ ಉಂಟು. ಸೋಲ್ಲಿಕ್ಕೆ ರೆಡಿಯಾಗಿ."

ಮಂಚದ ಮೇಲಿರುವ ಗ್ರೇಮ್ ಆಸ್ಟ್ರೇಲಿಯಾದವರು. ಒಮಾನಿನ ಗುಡ್ಡಗಳನ್ನು ಸೀಳಿ ರಸ್ತೆ ಮಾಡುವ ಕಂಪನಿಯೊಂದರಲ್ಲಿ ಬಹಳ ವರ್ಷ ಎಂಜಿನಿಯರ್ ಆಗಿದ್ದವರು. ಈಗ ವಯಸ್ಸು ಎಂಬತ್ತರ ಹತ್ತಿರ. ಬಲಗೈ, ಬಲಗಾಲು ಹೇಳಿದಂತೆ ಕೇಳುವುದಿಲ್ಲ. ಮಾತೂ ನಿಂತು ಹೋಗಿದೆ. ಜೊವಿಟಾ ಅವರ ಹೋಮ್ ನರ್ಸ್. ಮುಖಕ್ಕೆ ನೊರೆ ಹಚ್ಚಿ, ಕೆನ್ನೆಯ ಚರ್ಮವನ್ನು ಎರಡು ಬೆರಳಲ್ಲಿ ಎಳೆದು ಹಿಡಿದು, ಗಲ್ಲದ ಗುಳಿಯಲ್ಲಿ ಒಂದು ಕೂದಲೂ ಉಳಿಯದಂತೆ ಅವರು ಕ್ಷೌರ ಮಾಡುತ್ತಾರೆ. ಆಮೇಲೆ ಗ್ರೇಮ್ ಅವರ ಸೊಂಟಕ್ಕೆ ಅಗಲದ ಪಟ್ಟಿ ಬಿಗಿದು, ಅವರ ಮೊಣಕಾಲುಗಳನ್ನು ತನ್ನ ಮೊಣಕಾಲುಗಳ ನಡುವೆ ಸಿಕ್ಕಿಸಿ, ಒಂದೇ ಎಳೆತಕ್ಕೆ ಎಬ್ಬಿಸಿ ಗಾಲಿ ಕುರ್ಚಿಗೆ ತಿರುಗಿಸುತ್ತಾರೆ. ಆರಡಿ ಎತ್ತರದ ಗಂಡಸು. ಎತ್ತುವವರು ಐದಡಿ ದಾಟದ, ಐವತ್ತೆರಡು ವರ್ಷದ ಹೆಂಗಸು. ಅವರ ಯೂನಿಫಾರ್ಮಿನ ಒಳಗೂ ಒಂದು ಬೆಲ್ಟ್ ಇದೆ, ಬೆನ್ನುನೋವಿಗೆ ಡಾಕ್ಟರು ಕೊಟ್ಟದ್ದು.

ಏಳು ದಾಟುವಾಗ ಟಿ.ವಿ. ಹಚ್ಚುತ್ತಾರೆ. ಇಲ್ಲಿ ಬೆಳಿಗ್ಗೆಯಾದರೆ ಮೆಲ್ಬರ್ನ್‌ನಲ್ಲಿ ಮಧ್ಯಾಹ್ನ. ಕ್ರಿಕೆಟ್ ಆಡುವಂಥ ದೊಡ್ಡ ಹಸಿರು ಮೈದಾನ, ಅದರ ತುಂಬ ತೋಳಿಲ್ಲದ ಅಂಗಿ ತೊಟ್ಟ ಆಟಗಾರರು, ಮೊಟ್ಟೆಯಾಕಾರದ ಒಂದು ಚೆಂಡು. ಅವರು ಅದನ್ನು ಒದೆಯುತ್ತಾರೆ, ಮುಷ್ಟಿಯಿಂದ ಗುದ್ದುತ್ತಾರೆ, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಮೊಣಕಾಲೂರಿ ಹಾರಿ ಹಿಡಿಯುತ್ತಾರೆ. ಆಸ್ಟ್ರೇಲಿಯಾದವರ ಫುಟ್‌ಬಾಲ್ ಇದು. ಗ್ರೇಮ್ ಹುಟ್ಟಿದ್ದು ಮೆಲ್ಬರ್ನಿನ ಒಂದು ಬಡಾವಣೆಯಲ್ಲಿ. ಅವರ ತಂಡವೂ ಅಲ್ಲಿಯದೇ. ಕೆಲವು ವರ್ಷಗಳಿಂದ ಅಂಕಪಟ್ಟಿಯ ತಳದಲ್ಲೇ ಕೂತಿರುವ ತಂಡ.

ಅಂಪೈರ್ ಸೀಟಿ ಊದಿ ಚೆಂಡನ್ನು ಎದುರಾಳಿಗೆ ಕೊಡುತ್ತಾನೆ.

"ಅಂಪೈರ್ ಮಾಡಿದ್ದು ಸರಿ," ಎನ್ನುತ್ತಾರೆ ಜೊವಿಟಾ. ಹೇಳಿ, ಗ್ರೇಮ್ ಮುಖ ನೋಡುತ್ತಾ ಕಾಯುತ್ತಾರೆ. ಗ್ರೇಮ್ ಕಣ್ಣು ತೆರೆಯ ಮೇಲಿದೆ. ಕಾಣುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ. "ಸರಿಯೇ ಮಾಡಿದ್ದು. ನಿಮ್ಮ ಹುಡುಗನದ್ದೇ ತಪ್ಪು." ಮತ್ತೆ ಕಾಯುತ್ತಾರೆ. ತುಟಿಯಂಚಿನಿಂದ ಇಳಿದ ಜೊಲ್ಲನ್ನು ಒರೆಸುತ್ತಾರೆ. "ಮೊದಲಾಗಿದ್ರೆ ಇಷ್ಟಕ್ಕೆ ಮಾಡು ಹಾರಿ ಹೋಗ್ತಿತ್ತು," ಎಂದು ತಮ್ಮ ಕಥೆ ಕೇಳಲು ಮನೆಗೆ ಬಂದವರ ಕಡೆ ತಿರುಗಿ ಹೇಳುತ್ತಾರೆ. ನಗಲು ನೋಡುತ್ತಾರೆ, ಆಗುವುದಿಲ್ಲ.

ಜೊವಿಟಾ ಅವರ ಊರು ಉಡುಪಿ ಜಿಲ್ಲೆಯ ಮುದರಂಗಡಿ. ತಂದೆ ಅಡುಗೆ ಕೆಲಸದವರು, ಮದುವೆ ಮನೆಗಳ ಊಟಕ್ಕೆ ದೊಡ್ಡ ಹಂಡೆ ಇಡುತ್ತಿದ್ದವರು. ನರ್ಸಿಂಗ್ ಕಲಿಯಬೇಕೆಂದು ಮಂಗಳೂರಿಗೆ ಹೋದವರು ನಡುವೆ ತಂದೆ ಹಾಸಿಗೆ ಹಿಡಿದದ್ದರಿಂದ ಕೋರ್ಸು ಬಿಟ್ಟು ಬಂದರು. "ಅಪ್ಪನನ್ನು ನೋಡಿಕೊಂಡದ್ದೇ ನನ್ನ ಸರ್ಟಿಫಿಕೇಟು," ಎನ್ನುತ್ತಾರೆ. ತಂದೆ ತೀರಿದ ಮೇಲೆ ಮನೆಮನೆಗಳಲ್ಲಿ ರೋಗಿಗಳನ್ನು ನೋಡುವ ಕೆಲಸಕ್ಕೆ ಸೇರಿದರು. ನೊರ್ಬರ್ಟ್ ಅವರನ್ನು ಮದುವೆಯಾದರು. ಮಕ್ಕಳಾಗಲಿಲ್ಲ. ನೊರ್ಬರ್ಟ್ ಒಮಾನಿಗೆ ಬಂದು ವಾದಿ ಕಬೀರಿನ ಗ್ಯಾರೇಜೊಂದರಲ್ಲಿ ಕಾರುಗಳ ಡೆಂಟಿಂಗ್ ಕೆಲಸ ಹಿಡಿದರು. ಎರಡು ವರ್ಷದ ನಂತರ ಏಜೆನ್ಸಿಯ ಮೂಲಕ ಜೊವಿಟಾ ಕೂಡ ಬಂದರು.

ಗಂಡ ಹೆಂಡತಿ ಒಂದೇ ದೇಶದಲ್ಲಿದ್ದರೂ ಒಂದೇ ಮನೆಯಲ್ಲಿ ಇದ್ದದ್ದಿಲ್ಲ. ನೊರ್ಬರ್ಟ್ ನಾಲ್ಕು ಜನರ ಜೊತೆ ರೂಮಿನಲ್ಲಿ, ಜೊವಿಟಾ ರೋಗಿಯ ಮನೆಯಲ್ಲಿ. ಶುಕ್ರವಾರ ಎರಡು ಮೂರು ಗಂಟೆ ರಜೆ. ರೂವಿಯ ಚರ್ಚಿನಲ್ಲಿ ಪೂಜೆ ಮುಗಿಸಿ ಇಬ್ಬರೂ ಒಂದು ಹೋಟೆಲಿನಲ್ಲಿ ಊಟ ಮಾಡುತ್ತಾರೆ. ಆಮೇಲೆ ಅವರವರ ದಾರಿ.

ಮೊದಲು ಸಿಕ್ಕ ಮನೆ ರುಸ್ತಾಕಿನದು. ಕೋಟೆಯ ಹಿಂದಿನ ಖರ್ಜೂರದ ತೋಟದ ಮನೆಯಲ್ಲಿ ಒಬ್ಬ ಅಜ್ಜಿ, ಎದ್ದು ನಡೆಯಲಾಗದವರು. ಐದು ವರ್ಷ ಅವರನ್ನು ನೋಡಿಕೊಂಡು ಜೊವಿಟಾ ಅರಬ್ಬಿ ಕಲಿತರು. ಅಜ್ಜಿ ತೀರಿಕೊಂಡಾಗ ಮೊಮ್ಮಗ ಹಿಲಾಲ್ ಹೇಳಿದ: "ಸಿಸ್ಟರ್, ಊರಿಗೆ ಹೋಗಬೇಡಿ. ನನ್ನ ಹಳೆಯ ಬಾಸ್ ಒಬ್ಬರು ಬಿದ್ದಿದ್ದಾರೆ. ಅವರಿಗೆ ಇಲ್ಲಿ ಯಾರೂ ಇಲ್ಲ." ಹಿಲಾಲ್ ಮೆಲ್ಬರ್ನಿನಲ್ಲಿ ಓದಿ ಬಂದ ಎಂಜಿನಿಯರ್. ಗ್ರೇಮ್ ಕೈಕೆಳಗೆ ಕೆಲಸ ಕಲಿತವನು.

ಗ್ರೇಮ್ ಹೆಂಡತಿ ಇಲ್ಲೇ ತೀರಿಕೊಂಡು ಇಲ್ಲೇ ಮಣ್ಣಾಗಿದ್ದರು. ಅದೇ ಕಾರಣಕ್ಕೆ ನಿವೃತ್ತಿಯಾದ ಮೇಲೂ ಗ್ರೇಮ್ ದೇಶ ಬಿಟ್ಟಿರಲಿಲ್ಲ. ಇದ್ದ ಒಬ್ಬ ಮಗಳು ಫಿಯೋನಾ, ಮೆಲ್ಬರ್ನಿನಲ್ಲಿ ಸಂಸಾರ. ಪಾರ್ಶ್ವವಾಯು ಬಡಿದು ಆಸ್ಪತ್ರೆಯಿಂದ ಮನೆಗೆ ಬರುವಾಗ ಗ್ರೇಮ್ ಬಾಯಲ್ಲಿ ಉಳಿದದ್ದು ಎರಡೇ ಶಬ್ದ. ಒಂದು 'ಬಾಲ್', ಇನ್ನೊಂದು 'ಬಿಹೈಂಡ್'. ನೀರು ಬೇಕಾದರೂ ಬಾಲ್, ಮಗ್ಗುಲು ಬದಲಿಸಬೇಕಾದರೂ ಬಾಲ್. ಬೇಸರವಾದಾಗ ಬಿಹೈಂಡ್.

"ಬಿಹೈಂಡ್ ಅಂದ್ರೆ ಹಿಂದೆ ಅಲ್ವಾ? ಬೆನ್ನಲ್ಲಿ ಹುಣ್ಣಾಗಿದೆಯೋ ಅಂತ ನಾನು ದಿನಕ್ಕೆ ಹತ್ತು ಸಲ ಮಗುಚಿ ಹಾಕಿ ನೋಡಿದ್ದು. ಪೌಡರ್ ಹಾಕಿದ್ದು. ಅವರು ಇನ್ನೂ ಜೋರಾಗಿ ಬಿಹೈಂಡ್ ಬಿಹೈಂಡ್ ಅಂತ ಕೂಗುದು, ನಾನು ಇನ್ನೂ ಪೌಡರ್ ಹಾಕುದು."

ಶನಿವಾರ ಹಿಲಾಲ್ ಬಂದಾಗ ಗುಟ್ಟು ಬಿಚ್ಚಿಕೊಂಡಿತು. ಆ ಆಟದಲ್ಲಿ ಮೈದಾನದ ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಒದ್ದರೆ ಗೋಲು, ಆರು ಅಂಕ. ಗುರಿ ತಪ್ಪಿ ಪಕ್ಕದ ಕಂಬದ ಕಡೆ ಹೋದರೆ ಒಂದೇ ಅಂಕ, ಅದಕ್ಕೆ ಬಿಹೈಂಡ್ ಎನ್ನುತ್ತಾರೆ. 'ಬಾಲ್' ಎನ್ನುವುದು ಚೆಂಡು ಬಿಡದೆ ಅಪ್ಪಿಕೊಂಡವನ ಮೇಲೆ ಇಡೀ ಮೈದಾನ ಒಟ್ಟಾಗಿ ಹಾಕುವ ಕೂಗು. ಅಂದರೆ ಆ ಮನುಷ್ಯನ ತಲೆಯಲ್ಲಿ ಊರು, ಹೆಂಡತಿ, ಮಗಳ ಹೆಸರು ಎಲ್ಲ ಒರೆಸಿ ಹೋದ ಮೇಲೂ ಹುಡುಗನಾಗಿದ್ದಾಗ ಗ್ಯಾಲರಿಯಲ್ಲಿ ನಿಂತು ಕೂಗಿದ್ದು ಮಾತ್ರ ಉಳಿದಿತ್ತು.

ಆಗ ಶನಿವಾರವೆಂದರೆ ಈ ಮನೆ ತುಂಬುತ್ತಿತ್ತು. ಶಾಲಾ ಮಾಸ್ತರರಾಗಿದ್ದ ಡೆಸ್ ಎಂಬವರು ತಾವೇ ಬೇಯಿಸಿದ ಮಾಂಸದ ಪೈಗಳನ್ನು ಹಿಡಿದುಕೊಂಡು ಎಲ್ಲರಿಗಿಂತ ಮೊದಲು ಬರುವರು. ಹಿಲಾಲ್ ಕಡಕ್ ಚಾಯದ ಫ್ಲಾಸ್ಕ್ ತರುವನು. ಇನ್ನೂ ಮೂರು ನಾಲ್ಕು ಜನ ಬರುವರು, ಬೇರೆ ಬೇರೆ ಕಂಪನಿಗಳ ಆಸ್ಟ್ರೇಲಿಯನ್ನರು. ಒಂದು ವಾರಾಂತ್ಯಕ್ಕೆ ಒಂಬತ್ತು ಆಟ, ಅದಕ್ಕೆ ಒಂದು ರೌಂಡು ಎಂದು ಹೆಸರು. ಯಾವ ಆಟದಲ್ಲಿ ಯಾರು ಗೆಲ್ಲುತ್ತಾರೆಂದು ಎಲ್ಲರೂ ಮೊದಲೇ ಹೇಳಬೇಕು. ಹಿಂದಿನ ವಾರ ಎಲ್ಲರಿಗಿಂತ ಹೆಚ್ಚು ತಪ್ಪಿದವರು ಈ ವಾರ ತಟ್ಟೆ ತೊಳೆಯಬೇಕು. ಗ್ರೇಮ್ ಯಾವಾಗಲೂ ತನ್ನ ತಂಡದ ಕಡೆಗೇ ಬೆರಳು ತೋರಿಸುತ್ತಿದ್ದರು. "ಅವರ ಪಾಲಿನ ತಟ್ಟೆ ಎಲ್ಲ ತೊಳೆದದ್ದು ನಾನು," ಎನ್ನುತ್ತಾರೆ ಜೊವಿಟಾ.

ಅವರ ಮಾತು ಆಟಕ್ಕಿಂತ ಉದ್ದ. ಯಾರಿಗೆ ಮಂಡಿ ಉಳುಕಿದೆ, ಯಾರನ್ನು ಮುಂದಿನ ವಾರ ಹೊರಗಿಡಬೇಕು, ಕೋಚನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದಾರೆ. ಗ್ರೇಮ್ ಕಾಯಿಲೆಯವರೆಂದು ಮೊದಮೊದಲು ಎಲ್ಲರೂ ಅವರ ತಂಡವನ್ನು ಹೊಗಳುತ್ತಿದ್ದರು. ಹುಡುಗರು ಚಿಕ್ಕವರು, ಮುಂದಿನ ವರ್ಷ ನೋಡಿ ಎನ್ನುತ್ತಿದ್ದರು. ಗ್ರೇಮ್ ಗೋಡೆಯ ಕಡೆ ಮುಖ ಮಾಡಿ ಕೂರುವರು.

ಒಂದು ಶನಿವಾರ ಹಿಲಾಲ್‌ಗೆ ತಡೆಯಲಾಗಲಿಲ್ಲ. "ಇದೂ ಒಂದು ತಂಡವಾ ಡೆಸ್? ಬಾಗಿಲು ಹಾಕಿಬಿಡಲಿ. ಖಲಾಸ್. ಇವರಿಗಿಂತ ರುಸ್ತಾಕಿನ ಮೇಕೆಗಳು ಚೆನ್ನಾಗಿ ಓಡುತ್ತವೆ."

"ಹಾಗೆ ಹೇಳಬೇಡ," ಎಂದರು ಡೆಸ್, ಗ್ರೇಮ್ ಕಡೆ ಕಣ್ಣು ತೋರಿಸಿ.

"ಯಾಕೆ ಹೇಳಬಾರದು? ನಿಜ ತಾನೇ?"

ಮೂಲೆಯಿಂದ "ರಬ್ಬಿಶ್" ಎಂದು ಒಂದು ಸ್ವರ ಬಂತು.

ಎಲ್ಲರೂ ತಿರುಗಿದರು. ಗ್ರೇಮ್ ಮುಖ ಕೆಂಪಾಗಿತ್ತು. ಎಡಗೈ ಬೆರಳು ಹಿಲಾಲನ ಕಡೆ ಚಾಚಿತ್ತು. "ರಬ್ಬಿಶ್," ಎಂದರು ಮತ್ತೊಮ್ಮೆ. ಅಷ್ಟು ತಿಂಗಳಲ್ಲಿ ಬಂದ ಮೊದಲ ಹೊಸ ಮಾತು ಅದು. ಮಾತು ಕಲಿಸುವ ಥೆರಪಿಸ್ಟ್ ವಾರಕ್ಕೆರಡು ಸಲ ಬಂದು ಕಪ್ಪು, ಚಮಚ, ಬಾಗಿಲುಗಳ ಚಿತ್ರ ತೋರಿಸಿ ಸೋತಿದ್ದಳು. ಡೆಸ್ ಸಾಸ್ ಬಾಟಲಿ ತರುವ ನೆಪದಲ್ಲಿ ಅಡುಗೆಮನೆಗೆ ಹೋದರು. ಅಲ್ಲಿ ಸಿಂಕಿನ ಎದುರು ನಿಂತು ಅತ್ತರು. ಜೊವಿಟಾ ಟಿಶ್ಯೂ ಡಬ್ಬಿಯನ್ನು ಅವರ ಕಡೆ ಸರಿಸಿ ಏನೂ ಕಾಣದವರಂತೆ ಹೊರಗೆ ಬಂದರು.

"ಆವತ್ತು ನಂಗೆ ಅಂದಾಜಾದದ್ದು. ಹೌದು ಹೌದು ಅಂದ್ರೆ ಅವರಿಗೆ ಮಾತು ಬರುದಿಲ್ಲ. ಇಲ್ಲ ಅಂದ್ರೆ ಬರ್ತದೆ."

ಆದರೆ ಇಲ್ಲ ಎನ್ನುವವರು ಒಬ್ಬೊಬ್ಬರಾಗಿ ಹೊರಟರು. ಒಬ್ಬರ ಕಂಪನಿ ಕೆಲಸ ಮುಗಿಸಿತು, ಇನ್ನೊಬ್ಬರ ಹೆಂಡತಿಗೆ ಇಲ್ಲಿಯ ಸೆಕೆ ಸಾಕಾಯಿತು. ಡೆಸ್ ಕಣ್ಣಿನ ಆಪರೇಶನ್‌ಗೆಂದು ಊರಿಗೆ ಹೋದವರು ಮರಳಲಿಲ್ಲ. ಕೊನೆಗೆ ಹಿಲಾಲ್‌ಗೂ ದುಕ್ಮ್ ಬಂದರಿಗೆ ವರ್ಗವಾಯಿತು. ಅದು ಮಸ್ಕತ್ತಿನಿಂದ ದಿನದ ದಾರಿ. ಹೋಗುವ ಮುನ್ನ ಅವನು ಟಿ.ವಿ.ಯಲ್ಲಿ ಆಟ ಬರುವ ಚಾನೆಲ್ ಹಚ್ಚುವುದನ್ನು ಜೊವಿಟಾಗೆ ತೋರಿಸಿಕೊಟ್ಟ.

ಮುಂದಿನ ಶನಿವಾರ ಗ್ರೇಮ್ ಟಿ.ವಿ. ನೋಡಲಿಲ್ಲ. ಬಾಗಿಲು ನೋಡುತ್ತಾ ಕೂತರು. ಅದರ ಮುಂದಿನ ಶನಿವಾರವೂ ಅಷ್ಟೇ. ಇದ್ದ ಮೂರು ನಾಲ್ಕು ಮಾತುಗಳೂ ಮತ್ತೆ 'ಬಾಲ್'ಗೆ ಬಂದು ನಿಂತವು.

ಎದುರು ಮಾತಾಡುವುದು ಜೊವಿಟಾ ಕಲಿತ ವಿದ್ಯೆಯಲ್ಲ. "ಅಪ್ಪ, ಕಾನ್ವೆಂಟಿನ ಸಿಸ್ಟರ್ಸು, ಏಜೆನ್ಸಿಯವರು, ಎಲ್ಲರೂ ಹೇಳಿದ್ದು ಒಂದೇ ಮಾತು. ಎದುರು ಮಾತಾಡ್ಬೇಡ. ನಾನು ನೊರ್ಬರ್ಟಿಗೆ ಸಹ ಆಡಿದ್ದಿಲ್ಲ. ಮತ್ತೆ ಕಫೀಲ್‌ಗೆ ಆಡುದುಂಟಾ?" ಅವರ ವೀಸಾಕ್ಕೆ ಹೊಣೆ ನಿಂತ ಕಫೀಲ್ ಕಾಗದದ ಪ್ರಕಾರ ಇದೇ ಗ್ರೇಮ್.

ಮೂರನೆಯ ಶನಿವಾರ ಅವರು ಕೈಯಲ್ಲಿ ನೆಲ ಒರೆಸುವ ಬಟ್ಟೆ ಹಿಡಿದುಕೊಂಡು ಟಿ.ವಿ.ಯ ಪಕ್ಕ ನಿಂತರು. ಆಟದ ತಲೆಬುಡ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅಂಪೈರ್ ಒಬ್ಬನೇ, ಯಾಕೆಂದರೆ ಅವನ ಅಂಗಿ ಬೇರೆ.

"ಆ ಅಂಪೈರ್ ಒಳ್ಳೆ ಮನುಷ್ಯ," ಎಂದರು.

ಗ್ರೇಮ್ ಬಾಗಿಲಿನಿಂದ ಕಣ್ಣು ತಿರುಗಿಸಿದರು.

"ಹೌದು. ಎಲ್ಲ ಗಂಡಸರು ಬಿದ್ದು ಹೊರಳ್ತಾ ಇದ್ದಾರೆ. ಅವನೊಬ್ಬನೇ ಮರ್ಯಾದೆಯಲ್ಲಿ ಓಡ್ತಾ ಇರುದು."

"ನೋ," ಎಂದರು ಗ್ರೇಮ್. ಸ್ವಲ್ಪ ತಡೆದು, "ನೋ. ನೋ. ಬ್ಲೈಂಡ್. ರಬ್ಬಿಶ್."

ಜೊವಿಟಾ ಅಡುಗೆಮನೆಗೆ ಹೋಗಿ ನಿಂತರು. ಬಂದ ನಗು ತಡೆಯಲು ಬಾಯಿಗೆ ಸೆರಗಿಲ್ಲ, ಅದೇ ನೆಲ ಒರೆಸುವ ಬಟ್ಟೆ. ಆ ದಿನದ ಚಹಾಕ್ಕೆ ಎರಡು ಸಲ ಸಕ್ಕರೆ ಬಿತ್ತು.

ಅಲ್ಲಿಂದ ಮುಂದೆ ಮೂರು ವರ್ಷ ಅವರ ಶನಿವಾರದ ಕೆಲಸ ಅದೇ. ತಪ್ಪು ಹೇಳುವುದು. ಹೆಚ್ಚಿನದೆಲ್ಲ ನಿಜವಾಗಿಯೂ ತಪ್ಪೇ ಆಗಿರುತ್ತಿತ್ತು, ಬೇಕೆಂದು ಹುಡುಕಬೇಕಾಗಿರಲಿಲ್ಲ. ಗೋಲಿಗೆ ಔಟ್ ಎಂದರು. ಗ್ರೇಮ್ ತಂಡದ ಹುಡುಗನನ್ನು ಎದುರು ತಂಡದವನೆಂದು ಹೊಗಳಿದರು. ಸೋತಾಗ "ಒಳ್ಳೆದಾಯ್ತು, ಸೋಲ್ಬೇಕು ಅವರು" ಎಂದರು. ಪ್ರತಿ ಸಲ ಗ್ರೇಮ್ ತಲೆ ಕೊಡವಿ, ಶಬ್ದಕ್ಕಾಗಿ ಬಾಯಿಯೊಳಗೆ ತಡಕಾಡಿ, ಒಂದನ್ನು ಹಿಡಿದು ಎಸೆಯುವರು. ದುಕ್ಮಿನಿಂದ ಹಿಲಾಲ್ ಫೋನ್ ಮಾಡಿದಾಗ ಸ್ಪೀಕರ್ ಹಾಕಿಟ್ಟು ಮೂವರೂ ಆ ವಾರದ ರೌಂಡಿನ ಬಗ್ಗೆ ಜಗಳವಾಡುವರು. ಜಗಳವೆಂದರೆ ಹಿಲಾಲನ ಇಂಗ್ಲಿಷು, ಜೊವಿಟಾ ಅವರ ಹರಕು ಇಂಗ್ಲಿಷಿಗೆ ಬೆರೆತ ಹಿಂದಿ ಅರಬ್ಬಿ, ಗ್ರೇಮ್ ಅವರ ಒಂದೊಂದೇ ಮಾತು.

ಹೀಗೊಂದು ಶನಿವಾರ ಅವರು ಯಾವುದೋ ಹುಡುಗನನ್ನು ದಪ್ಪಗಿದ್ದಾನೆ, ಓಡಲಾರ ಎಂದರು. ಗ್ರೇಮ್ ಟಿ.ವಿ.ಯಿಂದ ಮುಖ ತಿರುಗಿಸಿ ಅವರನ್ನು ನೋಡಿದರು. ಆಮೇಲೆ ಪ್ರತಿ ಶಬ್ದವನ್ನೂ ಬೇರೆ ಬೇರೆ ಎತ್ತಿಟ್ಟಂತೆ ಹೇಳಿದರು: "ಯು ಆರ್ ರಾಂಗ್, ಜೊವಿಟಾ."

"ಇಡೀ ವಾಕ್ಯ. ಹೆಸರಿನ ಸಮೇತ. ಅಷ್ಟರವರೆಗೆ ನನ್ನ ಹೆಸರು ಅವರ ಬಾಯಲ್ಲಿ ಬಂದದ್ದಿಲ್ಲ." ಅದೇ ವಾರ ರೂವಿಯಲ್ಲಿ ನೊರ್ಬರ್ಟ್‌ಗೆ ಹೇಳಿದಾಗ ಅವರು ಅನ್ನ ಕಲಸುತ್ತಾ ಕೇಳಿದರಂತೆ, "ನೀನು ತಪ್ಪು ಅಂದದ್ದಕ್ಕೆ ಇಷ್ಟು ಖುಷಿಯಾ? ಅದನ್ನು ನಾನು ಯಾವಾಗಿಂದ ಹೇಳ್ತಾ ಇದ್ದೇನೆ."

ಜೊವಿಟಾ ಅವರ ತಾಯಿ ತೀರಿಕೊಂಡದ್ದೂ ಆ ವರ್ಷಗಳಲ್ಲೇ. ಸುದ್ದಿ ಬಂದಾಗ ಬದಲಿಗೆ ಬರುವ ನರ್ಸ್ ಸಿಗಲಿಲ್ಲ. ಗ್ರೇಮ್ ಅವರನ್ನು ಒಂದು ದಿನವೂ ಒಬ್ಬರನ್ನೇ ಬಿಡುವಂತಿರಲಿಲ್ಲ. ಶನಿವಾರ ಬೆಳಿಗ್ಗೆ ಮುದರಂಗಡಿಯ ಇಗರ್ಜಿಯಲ್ಲಿ ಮರಣದ ಪೂಜೆ. ತಮ್ಮನ ಮಗ ಫೋನ್ ಎತ್ತಿ ಹಿಡಿದು ತೋರಿಸಿದ. ಜೊವಿಟಾ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಫೋನನ್ನು ಚಹಾಪುಡಿ ಡಬ್ಬಿಗೆ ಒರಗಿಸಿಟ್ಟು ನೋಡಿದರು. ಜನ ಅಡ್ಡ ಬಂದು ಪೆಟ್ಟಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಹಾಲಿನಲ್ಲಿ ಆಟದ ಗಲಾಟೆ ನಡೆದಿತ್ತು. ಸ್ವರ ತಗ್ಗಿಸಿ ಬರೋಣವೆಂದರೆ ಪೂಜೆಯ ನಡುವೆ ಏಳುವಂತಿರಲಿಲ್ಲ. ಇದ್ದಕ್ಕಿದ್ದಂತೆ ಗಲಾಟೆ ನಿಂತಿತು. ಪೂಜೆ ಮುಗಿಸಿ ಹೊರಗೆ ಬಂದು ನೋಡಿದರೆ ಗ್ರೇಮ್ ಎಡಗೈಯಲ್ಲಿ ರಿಮೋಟ್ ಹಿಡಿದು ಕೂತಿದ್ದಾರೆ. ಟಿ.ವಿ. ಆರಿತ್ತು. ಆಟ ಇನ್ನೂ ಅರ್ಧ ಬಾಕಿ ಇತ್ತು.

"ಅವರಿಗೆ ಗಂಜಿ ಕೊಟ್ಟೆ. ಆವತ್ತು ಮಾತ್ರ ನಾವು ಜಗಳ ಮಾಡಲಿಲ್ಲ."

ಈ ವರ್ಷದ ಸೀಸನ್ ಶುರುವಾಗಿ ಕೆಲವೇ ವಾರಗಳಾಗಿದ್ದವು. ಗ್ರೇಮ್ ತಂಡ ಅಪರೂಪಕ್ಕೆ ಮುಂದಿತ್ತು. ಗ್ರೇಮ್ ಕುರ್ಚಿಯಲ್ಲಿ ನೆಟ್ಟಗೆ ಕೂತು, ಎಡಗೈಯಲ್ಲಿ ಚಹಾದ ಕಪ್ಪು ಹಿಡಿದಿದ್ದರು. ಜೊವಿಟಾ ರೂಢಿಯಂತೆ ಕೆಣಕಿದರು. "ಇದು ಬರೀ ಲಕ್ಕು. ಆಟ ಎಂತದೂ ಇಲ್ಲ."

ಗ್ರೇಮ್ ಬಾಯಿ ತೆರೆದರು. ಮಾತು ಹೊರಡಲಿಲ್ಲ. ಸಿಟ್ಟಿಗೆ ಶಬ್ದ ಹುಡುಕುತ್ತಿದ್ದಾರೆಂದು ಜೊವಿಟಾ ಎಣಿಸಿದರು. ಅವರನ್ನು ಇನ್ನಷ್ಟು ಹುರಿದುಂಬಿಸಲು ಮತ್ತೊಮ್ಮೆ ಹೇಳಿದರು, "ಲಕ್ಕು. ಮುಂದಿನ ವಾರ ಸೋಲ್ತಾರೆ ನೋಡಿ." ಕಪ್ಪು ಕೈಯಿಂದ ಜಾರಿ ತೊಡೆಯ ಮೇಲೆ ಬಿತ್ತು. ಬಿಸಿ ಚಹಾ ಚೆಲ್ಲಿದರೂ ಗ್ರೇಮ್ ಮುಖದಲ್ಲಿ ನೋವು ಕಾಣಲಿಲ್ಲ. ಆಗ ಜೊವಿಟಾಗೆ ಗೊತ್ತಾಯಿತು.

ಆಸ್ಪತ್ರೆಯಲ್ಲಿ ಹದಿನೈದು ದಿನಗಳ ಮೇಲಾಯಿತು. ಎರಡನೆಯ ಹೊಡೆತ ಮೊದಲಿನದಕ್ಕಿಂತ ದೊಡ್ಡದು ಎಂದರು. ಮನೆಗೆ ಬಂದ ಗ್ರೇಮ್ ಬಾಯಲ್ಲಿ 'ಬಾಲ್' ಕೂಡ ಇರಲಿಲ್ಲ.

ಜೊವಿಟಾ ಡಾಕ್ಟರನ್ನು ಕೇಳಿದ್ದರು. ಸಿಟ್ಟು ಬರಿಸಿದರೆ ಹೀಗೆ ಆಗುತ್ತದಾ ಎಂದು. ಹಾಗೇನಿಲ್ಲ ಸಿಸ್ಟರ್, ವಯಸ್ಸು, ಬಿ.ಪಿ., ಮೊದಲೇ ಒಮ್ಮೆ ಆದದ್ದು ಎಂದು ಡಾಕ್ಟರು ಸಮಾಧಾನ ಹೇಳಿದರು. ಪಾದ್ರಿಯವರೂ ಹಾಗೆಯೇ ಹೇಳಿದರು. "ಅವರೆಲ್ಲ ಕಲಿತವರು, ಸುಳ್ಳು ಹೇಳ್ಲಿಕ್ಕಿಲ್ಲ. ಆದ್ರೆ ಆ ಎರಡನೇ ಸಲ ನಾನು ಲಕ್ಕು ಅಂತ ಹೇಳಬಾರದಿತ್ತು. ಒಂದು ಸಲ ಸಾಕಿತ್ತು." ಇದನ್ನು ಹೇಳುವಾಗ ಅವರು ಗ್ರೇಮ್ ಅವರ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎಣ್ಣೆ ಹಚ್ಚುತ್ತಿದ್ದಾರೆ. ಮಡಚಿಕೊಂಡ ಬೆರಳು ಬಿಟ್ಟೊಡನೆ ಮತ್ತೆ ಮಡಚಿಕೊಳ್ಳುತ್ತದೆ.

ಕಳೆದ ತಿಂಗಳು ಮಗಳು ಫಿಯೋನಾ ಬಂದಿದ್ದರು. ಅವರು ತಂದೆಯ ಪಕ್ಕ ಕೂತು ಕೈ ಹಿಡಿದುಕೊಂಡು ಅತ್ತರು. ಎದ್ದು ಮನೆಯ ಬೀರು ಖಾಲಿ ಮಾಡಿದರು. ಕೆಟ್ಟವರಲ್ಲ ಎನ್ನುತ್ತಾರೆ ಜೊವಿಟಾ. ಅವರಿಗೂ ಗಂಡನ ಕಾಯಿಲೆ, ತಮ್ಮದೇ ಕಷ್ಟ. ತಂದೆಯನ್ನು ಮೆಲ್ಬರ್ನಿಗೆ ಕರೆದೊಯ್ದು ಇಂಥವರನ್ನು ನೋಡಿಕೊಳ್ಳುವ ಒಂದು ಹೋಮಿಗೆ ಸೇರಿಸುವುದೆಂದು ನಿಶ್ಚಯಿಸಿದ್ದಾರೆ. ಮುಂದಿನ ವಾರ ವಿಮಾನ. ಜೊತೆಗೆ ಹೋಗಲು ಅಲ್ಲಿಯದೇ ನರ್ಸ್ ಬರುತ್ತಾಳೆ.

ತಾವು ಮೆಲ್ಬರ್ನಿಗೆ ಮರಳುವ ಹಿಂದಿನ ದಿನ ಫಿಯೋನಾ, "ಅಪ್ಪನ ಬಗ್ಗೆ ಅಲ್ಲಿಯವರಿಗೆ ಏನಾದರೂ ಹೇಳಬೇಕಾ?" ಎಂದು ಕೇಳಿದರು. ಜೊವಿಟಾ ಗಂಜಿಯ ಹದ, ಮಗ್ಗುಲು ಬದಲಿಸುವ ಹೊತ್ತು, ಯಾವ ಮಾತ್ರೆಯನ್ನು ಪುಡಿ ಮಾಡಬೇಕು ಎಲ್ಲ ಹೇಳಿದರು. ಆಮೇಲೆ ಸಂಕೋಚಪಟ್ಟುಕೊಂಡು, "ಮೇಡಂ, ಶನಿವಾರ ಆಟ ಹಾಕಿದಾಗ ಯಾರಾದ್ರೂ ಅವರ ಹತ್ರ ಜಗಳ ಮಾಡ್ಬೇಕು" ಎಂದರು.

ಫಿಯೋನಾಗೆ ಅರ್ಥವಾಗಲಿಲ್ಲ. ಜೊವಿಟಾ ಇನ್ನೊಮ್ಮೆ ವಿವರಿಸಿದರು. ಕೇಳಿದ ಫಿಯೋನಾ ಅವರ ಭುಜ ತಟ್ಟಿದರು. "ಅಲ್ಲಿ ದೊಡ್ಡ ಟಿ.ವಿ. ಇದೆ ಜೊವಿಟಾ. ಎಲ್ಲ ಆಟವೂ ಬರುತ್ತದೆ. ಅಲ್ಲಿಯವರು ತುಂಬ ಮೃದು ಸ್ವಭಾವದವರು. ಅಪ್ಪನ ಮನಸ್ಸು ನೋಯಿಸುವಂಥ ಒಂದು ಮಾತೂ ಆಡುವುದಿಲ್ಲ. ನೀವು ಚಿಂತೆ ಮಾಡಬೇಡಿ."

ಕಫೀಲ್ ಹೊರಟ ಮೇಲೆ ಜೊವಿಟಾ ವೀಸಾ ರದ್ದಾಗುತ್ತದೆ. ಈ ವಯಸ್ಸಿಗೆ, ಈ ಬೆನ್ನಿಗೆ ಹೊಸ ಮನೆ ಸಿಗುವುದು ಕಷ್ಟ ಎಂದು ಏಜೆನ್ಸಿಯವನು ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ನೊರ್ಬರ್ಟ್ ಇನ್ನೂ ಎರಡು ವರ್ಷ ಇಲ್ಲಿರಬೇಕು. ಮುದರಂಗಡಿಯಲ್ಲಿ ತಮ್ಮನ ಸಂಸಾರವಿದೆ, ಒಂದು ಕೋಣೆ ಕೊಡುತ್ತಾರೆ. "ಅಮ್ಮ ಇದ್ದಾಗ ಊರು ಅಂತ ಒಂದು ಇತ್ತು. ಈಗ ಹೋಗಿ ಎಂತ ಮಾಡುದು, ಯಾರ ಹತ್ರ ಮಾತಾಡುದು, ಯೋಚನೆ ಮಾಡ್ಲಿಕ್ಕೆ ಹೋದ್ರೆ ರಾತ್ರಿ ನಿದ್ರೆ ಬರುದಿಲ್ಲ. ಹಾಗೆ ನಾನು ಯೋಚನೆ ಮಾಡುದೇ ಬಿಟ್ಟಿದ್ದೇನೆ."

ಆಟ ಮುಗಿಯುತ್ತಾ ಬಂದಿದೆ. ಗ್ರೇಮ್ ತಂಡ ದೊಡ್ಡ ಅಂತರದಲ್ಲಿ ಸೋಲುತ್ತಿದೆ. ಫೋನ್ ಬರುತ್ತದೆ, ದುಕ್ಮಿನಿಂದ ಹಿಲಾಲ್. ಜೊವಿಟಾ ಸ್ಪೀಕರ್ ಒತ್ತಿ ಫೋನನ್ನು ಗ್ರೇಮ್ ಕಿವಿಯ ಬಳಿ ಹಿಡಿಯುತ್ತಾರೆ.

"ಬಾಸ್, ನೋಡಿದಿರಾ ನಿಮ್ಮ ಹುಡುಗರನ್ನು? ನಾನು ಹೇಳಿದ್ದೆ ತಾನೇ, ಬಾಗಿಲು ಹಾಕಲಿ ಅಂತ." ಹಿಲಾಲನ ದನಿಯಲ್ಲಿ ಬಲವಂತದ ಗಲಾಟೆ. "ಆ ಕೋಚ್ ಒಳ್ಳೆಯವನು ಬಾಸ್. ಅವನನ್ನು ಇನ್ನೂ ಹತ್ತು ವರ್ಷ ಇಟ್ಟುಕೊಳ್ಳಲಿ. ಕೇಳ್ತಾ ಇದೆಯಾ? ಹತ್ತು ವರ್ಷ." ಆಮೇಲೆ ಆ ಕಡೆಯಿಂದ ಉಸಿರು ಮಾತ್ರ ಕೇಳುತ್ತದೆ. "ಸಿಸ್ಟರ್," ಎನ್ನುತ್ತಾನೆ ಕೊನೆಗೆ, ಬೇರೆ ದನಿಯಲ್ಲಿ, "ಏನಾದರೂ ಹೇಳಿದರಾ?"

"ಇಲ್ಲ ಹಿಲಾಲ್."

"ತುಟಿ?"

"ಇಲ್ಲ."

"ಸರಿ. ಮುಂದಿನ ವಾರ ಹೊರಡುವ ದಿನ ನಾನು ಬರ್ತೇನೆ. ರಜೆ ಕೊಡದಿದ್ದರೂ ಬರ್ತೇನೆ."

ಫೋನ್ ಇಟ್ಟ ಮೇಲೆ ಜೊವಿಟಾ ಟಿ.ವಿ. ಆರಿಸುವುದಿಲ್ಲ. ಗೆದ್ದವರು ಒಟ್ಟಾಗಿ ಹೆಗಲಿಗೆ ಕೈ ಹಾಕಿ ಹಾಡುತ್ತಿದ್ದಾರೆ. ಜೊವಿಟಾ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಗ್ರೇಮ್ ಪಾದಕ್ಕೆ ಕಾಲುಚೀಲ ಏರಿಸುತ್ತಾರೆ. ಇಷ್ಟು ವರ್ಷದಲ್ಲಿ ಆಟದ ನಿಯಮ ಕಲಿತಿರಾ ಎಂದರೆ ಇಲ್ಲವೆಂದು ತಲೆ ಆಡಿಸುತ್ತಾರೆ. "ಕಲಿತ್ರೆ ತಪ್ಪು ಹೇಳ್ಲಿಕ್ಕೆ ಕಷ್ಟ ಆಗ್ತಿತ್ತು. ಈಗ ಎಷ್ಟು ತಪ್ಪು ಹೇಳಿದ್ರೂ ತಿದ್ದುವವರಿಲ್ಲ."

ಈಗ ನಿಮ್ಮ ಆಸೆ ಏನು ಎಂದು ಕೇಳಿದಾಗ ಅವರು ತಮ್ಮ ವೀಸಾದ ಮಾತಾಗಲಿ ಬೆನ್ನಿನ ಮಾತಾಗಲಿ ಎತ್ತುವುದಿಲ್ಲ. ಇನ್ನೊಂದು ಕಾಲುಚೀಲವನ್ನೂ ಗ್ರೇಮ್ ಪಾದಕ್ಕೆ ಏರಿಸುತ್ತಾರೆ.

"ಅಲ್ಲಿ ಒಳ್ಳೆ ಜನ ಅಂತೆ. ಇವರು ಕಣ್ಣು ಮಿಟುಕಿಸಿದ್ರೂ ಹೌದು ಹೌದು ಅಂತಾರೆ.‌ ಅದೇ ನಂಗೆ ಹೆದರಿಕೆ. ಯಾರಾದ್ರೂ ಒಬ್ಬರು, ಕಸ ಗುಡಿಸುವವಳಾದ್ರೂ ಸಾಕು, ಹತ್ರ ಕೂತು ಇವರಿಗೆ ಒಂದು ಸಲ ಇಲ್ಲ ಅಂತ ಹೇಳ್ಬೇಕು. ಹೇಳಿ ಸ್ವಲ್ಪ ಹೊತ್ತು ಕಾಯ್ಬೇಕು. ಅಷ್ಟೇ."